ಒರೆಸ್ತೆಸ್ ತನ್ನ ಕಾರನ್ನು ತಗ್ಗಿಸಿದ್ದು

ದಿವಿನೋಪೊಲಿಸ್ ಎಂಬ ಊರಿನ ನೋಟರಿ ಕಚೇರಿಯ ಮೂರನೆಯ ಕಿಟಕಿಯ ಹಿಂದೆ ಒರೆಸ್ತೆಸ್ ಕಿಂತಾವ್ ಇಪ್ಪತ್ತೆರಡು ವರ್ಷದಿಂದ ಕೂತಿದ್ದ. ಜನ ತಂದ ಕಾಗದದ ಮೇಲಿನ ಸಹಿಯನ್ನು ಕಚೇರಿಯ ಕಾರ್ಡಿನಲ್ಲಿರುವ ಸಹಿಯ ಜೊತೆ ತಾಳೆ ನೋಡುವುದು, ಸರಿಯಿದ್ದರೆ ಮೊಹರು ಒತ್ತುವುದು, ಇಲ್ಲದಿದ್ದರೆ ವಾಪಸು ಕಳಿಸುವುದು ಅವನ ಕೆಲಸ. ವಾಪಸು ಕಳಿಸುವುದರಲ್ಲಿ ಅವನಿಗೆ ಉತ್ಸಾಹ ಜಾಸ್ತಿ. ಕೈ ನಡುಗುವ ಮುದುಕರೊಬ್ಬರನ್ನು, "ಕಾರ್ಡಲ್ಲಿ ನಿಮ್ಮ ಹೆಸರಿನ ಬಾಲ ಮೇಲಕ್ಕೆ ಹೋಗಿದೆ, ಇಲ್ಲಿ ಕೆಳಕ್ಕೆ ಬಂದಿದೆ" ಎಂದು ಒಂದೇ ವಾರದಲ್ಲಿ ಮೂರು ಸಲ ತಿರುಗಿಸಿ ಕಳಿಸಿದ್ದ. ಇದನ್ನು ಅವನು ಊಟದ ಹೊತ್ತಿನಲ್ಲಿ ಹೆಂಡತಿಗೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಹೆಂಡತಿ ಕ್ಲೆಯೊನಿಸಿ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಜನರು ಬಾಯಿ ತೆರೆದುಕೊಂಡಿದ್ದನ್ನೇ ನೋಡಿ ಬರುತ್ತಿದ್ದ ಆಕೆಗೆ ಮನೆಯಲ್ಲಿ ಇನ್ನೊಂದು ಬಾಯಿ ತೆರೆದಿದ್ದರೆ ಅದೇನು ಹೊಸತಲ್ಲ. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಅವರ ಬಳಿ ಬೆಳ್ಳಿಬಣ್ಣದ ಒಂದು ಹ್ಯಾಚ್‌ಬ್ಯಾಕ್ ಇತ್ತು. ನಿವೃತ್ತ ಶಿಕ್ಷಕಿಯೊಬ್ಬರು ಹನ್ನೊಂದು ವರ್ಷ ಚರ್ಚಿಗೂ ಸಂತೆಗೂ ಓಡಿಸಿ, ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಮಾರಿದ ಗಾಡಿ. ಅದರ ಬಗ್ಗೆ ಒರೆಸ್ತೆಸನಿಗೆ ಯಾವ ದೂರೂ ಇರಲಿಲ್ಲ, ಆ ಭಾನುವಾರ ಟೈರಿಗೆ ಗಾಳಿ ಹಾಕಿಸಲು ಬಂಕಿಗೆ ಹೋಗುವ ತನಕ.

ಬಂಕಿನ ಹಿಂದಿನ ಬಯಲಲ್ಲಿ ಆವತ್ತು ಹದಿನೈದು ಇಪ್ಪತ್ತು ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದಂತೆ ತಗ್ಗಿಸಿದಂಥವು. ಕಾರಿನವರು ಇಪ್ಪತ್ತೈದರ ಆಸುಪಾಸಿನ ಗಂಡಸರು. ತಮ್ಮ ಗುಂಪಿಗೆ 'ನೆಲನೆಕ್ಕಿ ಸಂಘ' ಎಂದು ಹೆಸರಿಟ್ಟುಕೊಂಡು ಅದನ್ನು ಬನಿಯನ್ನಿನ ಮೇಲೂ ಅಚ್ಚು ಹಾಕಿಸಿಕೊಂಡಿದ್ದರು. ಒಬ್ಬ ಒರೆಸ್ತೆಸನ ಕಾರನ್ನು ನೋಡಿ ಬಹಳ ಮರ್ಯಾದೆಯಿಂದ ಕೇಳಿದ:

"ಅಂಕಲ್, ಮಗನ್ನ ಕರ್ಕೊಂಡೋಗೋಕೆ ಬಂದ್ರಾ?"

ಒರೆಸ್ತೆಸನಿಗೆ ಮಕ್ಕಳಿರಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಕುಕ್ಕರಗಾಲಲ್ಲಿ ಕೂತು ಕಾರಿನ ಅಡಿಯಿಂದ ಆಚೆ ಬದಿಯ ರಸ್ತೆಯನ್ನು ನೋಡುತ್ತಾ ಹೇಳಿದ: "ಏನ್ ಎತ್ತರ ಗುರೂ! ಇದನ್ನ ಹತ್ತೋಕೆ ಏಣಿ ಕೊಟ್ಟಿರ್ಬೇಕಲ್ಲ, ಎಲ್ಲಿಟ್ಟಿದೀರ ಅಂಕಲ್?"

ಎಲ್ಲರೂ ನಕ್ಕರು. ಒರೆಸ್ತೆಸನೂ ನಕ್ಕ. ಮನೆಗೆ ಬಂದವನು ಗ್ಯಾರೇಜಿನ ಬಾಗಿಲೆಳೆದು ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಕೈ ತೂರಿಸಿ ನೋಡಿದ. ನಾಲ್ಕು ಬೆರಳು ಸಲೀಸಾಗಿ ಹೋದವು. ಹೆಬ್ಬೆರಳಿಗೂ ಜಾಗವಿತ್ತು. ನಲವತ್ತನಾಲ್ಕು ವರ್ಷ ತಾನು ಬದುಕಿದ್ದೇ ಹೀಗೆ, ನಡುವೆ ಗಾಳಿಯಾಡುವಂತೆ ಎಂದು ಅವನಿಗೆ ಅನ್ನಿಸಿತು.

ಅಲ್ಲಿಂದ ಮೂರು ತಿಂಗಳು ಮನೆಯಲ್ಲಿ ಬೇರೆ ಮಾತಿಲ್ಲ. ಕಚೇರಿಯ ಊಟದ ಬಿಡುವಿನಲ್ಲಿ ವಿಡಿಯೊ ನೋಡಿದ. ಕಾರು ತಗ್ಗಿಸುವವರಲ್ಲಿ ಮೂರು ಪಂಗಡ ಎಂದು ತಿಳಿದುಕೊಂಡ: ಗಿಡ್ಡ ಸ್ಪ್ರಿಂಗ್ ಹಾಕಿಸುವವರು, ತಿರುಪು ತಿರುಗಿಸಿ ಬೇಕಾದಷ್ಟು ಇಳಿಸುವಂಥದ್ದನ್ನು ಹಾಕಿಸುವವರು, ಗುಂಡಿ ಒತ್ತಿದರೆ ಉಸ್ಸೆಂದು ಗಾಳಿ ಬಿಟ್ಟು ಕೂರುವ ಕಾರಿನವರು. ಒಂದು ಪಂಗಡದವರು ಇನ್ನೊಂದನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಒರೆಸ್ತೆಸ್ ದಿನಕ್ಕೊಂದು ಪಂಗಡ ಬದಲಿಸಿದ. ಫೇಜಾವ್ ಎಂಬ ಬೇಯಿಸಿದ ಕಾಳನ್ನು ತಟ್ಟೆಯಲ್ಲಿ ಗುಡ್ಡೆ ಮಾಡಿ, ಚಮಚದಿಂದ ಒತ್ತಿ, ಕಾರಿನ ಭಾರ ತಿರುವಿನಲ್ಲಿ ಎತ್ತ ವಾಲುತ್ತದೆಂದು ಹೆಂಡತಿಗೆ ತೋರಿಸಿದ.

"ಎಲ್ಲಾ ಸರಿ, ಹಂಪು ಹತ್ತುತ್ತಾ?" ಎಂದಳು ಕ್ಲೆಯೊನಿಸಿ. ಅವರ ಮನೆಯಿಂದ ಕಚೇರಿಗೆ ಹೋಗುವ ರಸ್ತೆಯಲ್ಲಿ ವೇಗ ತಡೆಯುವ ಏಳು ಹಂಪುಗಳಿದ್ದವು.

"ಹಂಪನ್ನ ಹತ್ತೋದಲ್ಲ ಕಣೇ, ಓರೆಯಾಗಿ ತಗೊಳ್ಳೋದು. ಅದೊಂದು ಕಲೆ."

"ಅಮ್ಮನ್ನೂ ಓರೆಯಾಗೇ ಕೂರಿಸ್ತೀರಾ?"

ಅತ್ತೆ ಜುಲ್ಮಿರಾ, ಊರವರ ಮರ್ಯಾದೆಯ ಮಾತಲ್ಲಿ ದೋನಾ ಜುಲ್ಮಿರಾ, ಪಕ್ಕದ ಬೀದಿಯಲ್ಲಿದ್ದರು. ಪ್ರತಿ ಗುರುವಾರ ಅವರನ್ನು ಮಂಡಿಯ ವ್ಯಾಯಾಮಕ್ಕೆ ಕರೆದೊಯ್ಯುವುದು ಇದೇ ಕಾರಿನಲ್ಲಿ. ಆ ವಿಷಯವನ್ನು ವಿಡಿಯೊಗಳಲ್ಲಿ ಯಾರೂ ಎತ್ತಿರಲಿಲ್ಲವಾದ್ದರಿಂದ ಒರೆಸ್ತೆಸ್ ತಟ್ಟೆಯ ಗುಡ್ಡೆಯನ್ನು ಚಮಚದಿಂದ ಇನ್ನೊಮ್ಮೆ ಒತ್ತಿದ.

ಊರಲ್ಲಿ ಕಾರಿನ ಸಸ್ಪೆನ್ಷನ್, ಅಂದರೆ ಸ್ಪ್ರಿಂಗು ಮತ್ತು ಕುಲುಕಾಟ ತಡೆಯುವ ಶಾಕ್‌ಗಳ ಕೆಲಸಕ್ಕೆ, ದೋನಾ ಇರಾಸಿ. ರೈಲುಹಳಿಯ ಪಕ್ಕದ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಅದೊಂದೇ ಕೆಲಸ. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ ಅರವತ್ತರ ಹೆಂಗಸು, ಒರೆಸ್ತೆಸ್ ಒಳಗೆ ಬಂದಾಗ ಯಾವುದೋ ಜೀಪಿನ ಅಡಿಯಿಂದಲೇ ಮಾತಾಡಿಸಿದಳು. ಗೋಡೆಯ ಮೇಲೆ ಸಾಲಾಗಿ ಕತ್ತರಿಸಿದ ಸ್ಪ್ರಿಂಗುಗಳು ನೇತಾಡುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಹೆಸರಿನ ಚೀಟಿ.

"ಏನಾಗ್ಬೇಕಿತ್ತು?"

"ಸ್ಪೋರ್ಟ್ ಸಸ್ಪೆನ್ಷನ್, ದೋನಾ ಇರಾಸಿ. ಎಂಬತ್ತು ಮಿಲಿಮೀಟರ್ ಇಳಿಸ್ಬೇಕು."

ಆಕೆ ಹೊರಗೆ ಬಂದು ಮೊದಲು ಕಾರನ್ನು, ಆಮೇಲೆ ಅವನನ್ನು ನೋಡಿದಳು. "ಹಿಂದೆ ಯಾರು ಕೂರ್ತಾರೆ?"

"ಯಾರೂ ಇಲ್ಲ."

"ಎಂಬತ್ತು ಇಳಿಸಿದ್ರೆ ಶಾಕ್‌ಗೆ ಆಡೋಕೆ ಜಾಗ ಎಲ್ಲಿದೆ? ನಾನು ಮೂವತ್ತು ಇಳಿಸಿಕೊಡ್ತೀನಿ. ಸ್ಪ್ರಿಂಗಿಗೆ ತಕ್ಕ ಗಿಡ್ಡ ಶಾಕ್ ಹಾಕಿ, ಚಕ್ರ ನೆಟ್ಟಗೆ ಮಾಡಿ ಕೊಡ್ತೀನಿ. ಆಮೇಲೆ ನೀವು ತಪಾಸಣೆ ಮಾಡಿಸಿ, ಗಾಡಿ ದಾಖಲೇಲಿ ಬರೆಸ್ಕೊಳ್ಳಿ."

"ಮೂವತ್ತು ಇಳಿಸಿದ್ರೆ ಯಾರಿಗೆ ಕಾಣುತ್ತೆ?"

"ಕಾಣ್ಲಿ ಅಂತಾನಾ ಮಾಡಿಸ್ತಿರೋದು? ಹಾಗಾದ್ರೆ ಪಕ್ಕದಲ್ಲೇ ಸ್ಟಿಕರ್ ಅಂಗಡಿ ಇದೆ, ನೋಡಿ."

ಅದೂ ಸಾಲದೆಂಬಂತೆ ದಾಖಲೆ ಬೇರೆ! ಪರರ ದಾಖಲೆಯಲ್ಲಿ ಒಂದು ಚುಕ್ಕೆ ತಪ್ಪಿದರೆ ಬಿಡದ ಒರೆಸ್ತೆಸನಿಗೆ, ತನ್ನ ಕಾರಿನ ದಾಖಲೆಯ ಮಾತು ಬಂದ ಕೂಡಲೇ ಈ ದೇಶದಲ್ಲಿ ಕಾಗದಪತ್ರದ ಕಾಟ ಮಿತಿಮೀರಿದೆ ಎನ್ನಿಸಿತು. ಮುಖ ಊದಿಸಿಕೊಂಡು ಹೊರಟುಬಂದ.

ಕ್ಲೆಯೊನಿಸಿಯ ಅಣ್ಣ ವಾಂಡರ್ಲಿ ಮನೆಗಳಿಗೆ ಪ್ಲಾಸ್ಟರ್ ಸೀಲಿಂಗ್ ಹಾಕುವವನು. ಗೊತ್ತಿಲ್ಲ ಎಂಬ ಪದ ಅವನ ಬಾಯಿಂದ ಹೊರಟದ್ದನ್ನು ಕೇಳಿದವರಿಲ್ಲ. ಅವನ ಬಳಿ ಒಂದು ಗ್ರೈಂಡರ್ ಮೆಷಿನ್ನೂ ಇತ್ತು.

"ಭಾವ, ನಿಮ್ಮಂಥ ಓದಿದೋರು ಆ ಮುದುಕಿ ಮಾತು ಕೇಳ್ತಾರಾ? ಅಂಗಡಿ ಸ್ಪ್ರಿಂಗೂ ಕಬ್ಬಿಣವೇ, ನಿಮ್ಮದೂ ಕಬ್ಬಿಣವೇ. ಅವ್ರು ಫ್ಯಾಕ್ಟರೀಲಿ ಗಿಡ್ಡ ಮಾಡ್ತಾರೆ, ನಾನು ಹಿತ್ಲಲ್ಲಿ ಮಾಡ್ತೀನಿ. ಶನಿವಾರ ಬನ್ನಿ, ಮಾಂಸ ತಗೊಂಡ್ಬನ್ನಿ."

ಶನಿವಾರ ಒಂದು ಕಡೆ ಕೆಂಡದ ಮೇಲೆ ಮಾಂಸ, ಇನ್ನೊಂದು ಕಡೆ ಜಾಕಿನ ಮೇಲೆ ಕಾರು. ವಾಂಡರ್ಲಿ ಗ್ರೈಂಡರ್ ಹಿಡಿದು ಕೂತರೆ ಕಿಡಿ ಅಂಗಳದ ತುಂಬ ಹಾರಿತು. ಮುಂದಿನ ಸ್ಪ್ರಿಂಗಿನಲ್ಲಿ ಒಂದೂವರೆ ಸುತ್ತು, ಹಿಂದಿನದರಲ್ಲಿ ಎರಡು ಎಂದು ನಿಶ್ಚಯವಾಗಿತ್ತು. ಆದರೆ ಕೊನೆಯ ಸ್ಪ್ರಿಂಗಿನ ಹೊತ್ತಿಗೆ ಮಾಂಸ ಸೀಯುವ ವಾಸನೆ ಬಂದು, ಅವನು ಎದ್ದು ಹೋಗಿ ತಿರುವಿಹಾಕಿ ಮರಳಿದಾಗ ಲೆಕ್ಕ ತಪ್ಪಿ, ಎಡಹಿಂಭಾಗದ್ದು ಅರ್ಧ ಸುತ್ತು ಜಾಸ್ತಿಯೇ ಹೋಯಿತು.

ಜಾಕ್ ಇಳಿಸಿದರು. ಕಾರು ಇಳಿಯಿತು, ಇನ್ನೂ ಇಳಿಯಿತು, ಆಮೇಲೂ ಸ್ವಲ್ಪ ಇಳಿಯಿತು. ಒರೆಸ್ತೆಸ್ ಟೈರಿನ ಮೇಲೆ ಕೈ ತೂರಿಸಿದ. ಕಿರುಬೆರಳೂ ಹೋಗಲಿಲ್ಲ. ಅವನ ಕಣ್ಣು ತುಂಬಿ ಬಂತು.

"ಎಡಕ್ಕೆ ವಾಲಿದ ಹಾಗಿದೆಯಲ್ಲ ಭಾವ?" ಎಂದ ಒರೆಸ್ತೆಸ್, ಎರಡು ಹೆಜ್ಜೆ ಹಿಂದೆ ಸರಿದು ನೋಡಿ. ಹಿಂದಿನ ಜೇಬಿನಲ್ಲಿ ಒಂದೇ ಕಡೆ ದಪ್ಪ ಪರ್ಸ್ ಇಟ್ಟು ಕೂತವನಂತೆ ಕಾರು ಕೂತಿತ್ತು.

"ಓಡಿದ್ಮೇಲೆ ಸರಿಹೋಗುತ್ತೆ," ಎಂದ ವಾಂಡರ್ಲಿ, ಮೂಳೆ ಚೀಪುತ್ತಾ.

ಮರುದಿನ ಭಾನುವಾರ ಒರೆಸ್ತೆಸ್ ಬಂಕಿಗೆ ಹೋದ. ನೆಲನೆಕ್ಕಿಗಳು ಸುತ್ತ ನೆರೆದರು. ಒಬ್ಬ ಸಿಗರೇಟು ಪ್ಯಾಕನ್ನು ನಿಲ್ಲಿಸಿ ಮುಂದಿನ ಬಂಪರಿನಡಿ ತಳ್ಳಲು ನೋಡಿದ. ಪ್ಯಾಕು ಮುದುಡಿತೇ ಹೊರತು ಒಳಗೆ ಹೋಗಲಿಲ್ಲ. "ಅಂಕಲ್, ಬೆಂಕಿ!" ಎಂದು ಬೆನ್ನು ತಟ್ಟಿದರು. ಇನ್ನೂ ಅಂಕಲ್ಲೇ, ಆದರೆ ಈ ಅಂಕಲ್ ಬೇರೆ ಅಂಕಲ್ ಎಂದು ಅವನಿಗೆ ಖಾತ್ರಿಯಾಯಿತು. ಸಂಘದ ಸ್ಟಿಕರನ್ನು ಹಿಂದಿನ ಗಾಜಿಗೆ ಅಂಟಿಸಿಕೊಂಡು ಮನೆಗೆ ಬಂದ. ಸೋಮವಾರ ಕಿಟಕಿಯಲ್ಲಿ ಯಾರದೋ ಸಹಿಯ ಬಾಲ ಎತ್ತಲೋ ಹೋಗಿದ್ದರೂ ಮೊಹರು ಒತ್ತಿ ಕಳಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಮಾಡಿದ ಮೊದಲ ದಯೆಯ ಕೆಲಸ ಅದು. ಕಾರಣ ಕತ್ತರಿಸಿದ ಸ್ಪ್ರಿಂಗು.

ಗುರುವಾರ ದೋನಾ ಜುಲ್ಮಿರಾ ಬಂದರು. ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿ, "ಇದು ಕಾರಾ, ಸ್ನಾನದ ತೊಟ್ಟೀನಾ?" ಎಂದರು. ಒಂದು ಕಾಲು ಒಳಗಿಟ್ಟು, ಚರ್ಚಿನ ಸಂತರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯುತ್ತಾ ಕೂತರು. ಮೊದಲ ಹಂಪಿನಲ್ಲಿ ಅವರ ಮೇಲಿನ ಹಲ್ಲಿನ ಸೆಟ್ಟು ಜಾರಿ ಮಡಿಲಿಗೆ ಬಿತ್ತು. ಮಂಡಿ ತೋರಿಸಲು ಹೋದವರು ಅಲ್ಲಿ ಸೊಂಟ ತೋರಿಸಿ ಬಂದರು.

"ಅದು ಸ್ಪೋರ್ಟ್ ಸಸ್ಪೆನ್ಷನ್ ಅತ್ತೆ, ಹಾಗೇ ಸ್ವಲ್ಪ ಗಟ್ಟಿ ಇರುತ್ತೆ."

"ನಾನು ಯಾವ ಆಟ ಆಡ್ತೀನಿ ಅಂತ ಹೇಳಿದ್ನಪ್ಪ ನಿಂಗೆ?"

ಬೀದಿಯ ಜನರಿಗೂ ಅವನ ಗುರುತು ಸಿಕ್ಕಿತು. ಹಂಪು ಬಂದಾಗಲೆಲ್ಲ ರಸ್ತೆಯ ಅಗಲಕ್ಕೂ ಅಡ್ಡ ತಿರುಗಿ, ಒಂದೊಂದೇ ಚಕ್ರವನ್ನು ಹತ್ತಿಸಿ ಇಳಿಸುತ್ತಿದ್ದ; ಹಿಂದಿನ ಬಸ್ಸಿನವನು ಹಾರನ್ನಿನ ಮೇಲೆ ಮೊಣಕೈ ಊರಿ ಕಾಯುತ್ತಿದ್ದ. ಕಚೇರಿಯ ಬಾಗಿಲಿಗೆ ಹೋಗುವ ಇಳಿಜಾರಿನಲ್ಲಿ ಕಾರು ಇಳಿಸಲಾಗದೆ ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದ. ನಡಿಗೆ ಆರೋಗ್ಯಕ್ಕೆ ಒಳ್ಳೆಯದು ಎಂದು ಸಹೋದ್ಯೋಗಿಗಳಿಗೆ ಬೋಧನೆ ಬೇರೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ವಾಂಡರ್ಲಿಯ ಮಗಳು ಜಾಸಿಯಾರಾಳ ಮದುವೆ ಬಂತು. ಹುಡುಗಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಚುರುಕಾದವಳು. ಬಾಡಿಗೆ ಕಾರು ಗೊತ್ತು ಮಾಡುವ ಮಾತು ಬಂದಾಗ ಒರೆಸ್ತೆಸ್ ಎದ್ದು ನಿಂತು ಹೇಳಿದ: "ನಾನಿಲ್ವಾ? ಮದುಮಗಳು ನನ್ನ ಕಾರಲ್ಲೇ ಚರ್ಚಿಗೆ ಹೋಗ್ತಾಳೆ." ಕ್ಲೆಯೊನಿಸಿ ಗಂಡನ ಮುಖ ನೋಡಿದಳು. ಅಣ್ಣನ ಮುಖ ನೋಡಿದಳು. ತಾನು ಮೊದಲೇ ಹೋಗಿ ಚರ್ಚಿನ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿರುತ್ತೇನೆ ಎಂದಳು.

ಚರ್ಚು ಇರುವುದು ಏರಿನ ತುದಿಯಲ್ಲಿ. ಅದರ ಮುಂದೆ ಹೋದ ತಿಂಗಳಷ್ಟೇ ಹಾಕಿದ ಹೊಸ ಹಂಪು, ಬಿಳಿ ಬಣ್ಣ ಇನ್ನೂ ಮಾಸಿರಲಿಲ್ಲ. ಸಂಜೆ ಐದಕ್ಕೆ ರಿಬ್ಬನ್ ಕಟ್ಟಿದ ಕಾರು ಏರು ಹತ್ತಿ ಬಂತು: ಮುಂದೆ ಒರೆಸ್ತೆಸ್, ಪಕ್ಕದಲ್ಲಿ ಜುಲ್ಮಿರಾ, ಹಿಂದೆ ಮದುಮಗಳು, ಅವಳ ಪಕ್ಕ ಬಾಡಿಗೆ ಸೂಟಿನಲ್ಲಿ ವಾಂಡರ್ಲಿ. ಹಂಪನ್ನು ಓರೆಯಾಗಿ ತೆಗೆದುಕೊಳ್ಳೋಣವೆಂದರೆ ಎರಡೂ ಬದಿಗೆ ನೆಂಟರ ಕಾರುಗಳು. ಒರೆಸ್ತೆಸ್ ಶಿಲುಬೆಯ ಗುರುತು ಹಾಕಿಕೊಂಡು ನೇರವಾಗಿ ಹತ್ತಿಸಿದ. ಮುಂದಿನ ಚಕ್ರಗಳು ದಾಟಿದವು. ಆಮೇಲೆ ಕಾರು ಹಂಪಿನ ಮೇಲೆ ಹೊಟ್ಟೆಯೂರಿ ಕೂತಿತು. ಮುಂದಿನ ಚಕ್ರಗಳು ಟಾರಿಗೆ ಬರೀ ಸವರಿಕೊಂಡು ಗಿರಗಿರ ತಿರುಗಿದವು. ರಬ್ಬರು ಸುಟ್ಟ ಹೊಗೆ ಚರ್ಚಿನ ಮೆಟ್ಟಿಲವರೆಗೂ ಹೋಯಿತು.

"ಭಾವ, ನಾನು ಅವತ್ತೇ ಹೇಳಿದ್ದೆ, ಹಿಂದೆ ಭಾರ ಕೂರಿಸ್ಬಾರ್ದು ಅಂತ," ಎಂದ ವಾಂಡರ್ಲಿ.

"ಯಾವತ್ತು ಹೇಳಿದ್ರಿ?"

"ನಿಮಗೆ ನೆನಪಿಲ್ಲ, ಬಿಡಿ."

ಮದುಮಗನ ಗೆಳೆಯರು ನಾಲ್ವರು ಕೋಟು ಬಿಚ್ಚಿ ಬಂದರು. ಎಲ್ಲರೂ ಇಳಿಯಿರಿ, ಹಿಂದಿನಿಂದ ಎತ್ತುತ್ತೇವೆ ಎಂದರು. ಜುಲ್ಮಿರಾ ಮಾತ್ರ, "ಹತ್ತೋಕೇ ಅರ್ಧ ಗಂಟೆ ಹಿಡೀತು. ನಾನು ಇಳಿಯಲ್ಲ. ಬೇಕಿದ್ರೆ ನನ್ನ ಸಮೇತ ಎತ್ತಿ," ಎಂದು ಪರ್ಸನ್ನು ಮಡಿಲಲ್ಲಿಟ್ಟು ಕೂತುಬಿಟ್ಟರು. ಅವರ ಸಮೇತ ಎತ್ತಿದರು. ಹಿಂಭಾಗ ಮೇಲೆದ್ದಿತು, ಚಕ್ರಗಳು ಕೆಳಕ್ಕೆ ಜೋತುಬಿದ್ದವು. ಅಡಿಯಲ್ಲಿ ಠಣ್ಣೆಂದು ಸದ್ದಾಯಿತು. ಅರ್ಧ ಸುತ್ತು ಜಾಸ್ತಿ ಹೋಗಿದ್ದ ಆ ಎಡಬದಿಯ ಸ್ಪ್ರಿಂಗು ತನ್ನ ಜಾಗದಿಂದ ಕಳಚಿ ರಸ್ತೆಗೆ ಬಿತ್ತು. ಬಿದ್ದದ್ದು ಸುಮ್ಮನಿರದೆ ಇಳಿಜಾರು ಹಿಡಿಯಿತು. ಮೊದಲು ನಿಧಾನ, ಆಮೇಲೆ ಕುಪ್ಪಳಿಸುತ್ತಾ, ಹೂವು ಹಿಡಿದ ನೆಂಟರ ನಡುವೆ ದಾರಿ ಮಾಡಿಕೊಂಡು, ಕೆಳಗಿನ ಬೇಕರಿಯ ಬಾಗಿಲೊಳಗೆ ನುಗ್ಗಿತು. ಅಲ್ಲಿ ಕಾಫಿ ಕುಡಿಯುತ್ತಿದ್ದವರು ಕಾಲೆತ್ತಿ ದಾರಿ ಬಿಟ್ಟರು.

ಜಾಸಿಯಾರಾ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಗೌನಿನ ನೆರಿಗೆಗಳನ್ನು ಒಂದು ಕೈಲಿ ಎತ್ತಿ ಹಿಡಿದು, "ಬಾಪ್ಪಾ, ನಡ್ಕೊಂಡೇ ಹೋಗೋಣ. ನನಗಿಂತ ಮೊದ್ಲು ಆ ಸ್ಪ್ರಿಂಗೇ ಹನಿಮೂನಿಗೆ ಹೊರಟೋಯ್ತು," ಎಂದು ಅಪ್ಪನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಒರೆಸ್ತೆಸ್ ಚರ್ಚಿನ ಗಂಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತಿದ್ದ. ಕ್ಲೆಯೊನಿಸಿ ಹತ್ತಿರ ಬಂದು ಒಂದೇ ಮಾತು ಹೇಳಿದಳು:

"ಹೋಗಿ, ಆ ಸ್ಪ್ರಿಂಗ್ ಇಸ್ಕೊಂಡ್ಬನ್ನಿ."

ಸೂಟು ತೊಟ್ಟ ಒರೆಸ್ತೆಸ್ ಇಡೀ ಇಳಿಜಾರನ್ನು ಎಲ್ಲರ ಕಣ್ಣೆದುರು ಇಳಿದುಹೋದ. ಬೇಕರಿಯವನು ಸ್ಪ್ರಿಂಗನ್ನು ಚೀಸ್ ಬನ್ನುಗಳ ಪಕ್ಕ ಕೌಂಟರಿನ ಮೇಲೆ ನಿಲ್ಲಿಸಿದ್ದ. ಹಿಂದೊಮ್ಮೆ ಅಂಗಡಿಯ ಬಾಡಿಗೆ ಪತ್ರಕ್ಕಾಗಿ ಮೂರನೆಯ ಕಿಟಕಿಗೆ ನಾಲ್ಕು ದಿನ ಅಲೆದವನು ಅವನು.

"ನಿಮ್ದೇನಾ ಇದು, ಒರೆಸ್ತೆಸ್ ಸಾಹೇಬ್ರೇ? ನಿಮ್ದೇ ಅನ್ನೋಕೆ ಪುರಾವೆ ಏನಾದ್ರೂ ಇದೆಯಾ?" ಎಂದ. "ಇಲ್ಲೊಂದು ಸಹಿ ಹಾಕಿ. ನಿಧಾನಕ್ಕೆ ಹಾಕಿ, ಬಾಲ ನೆಟ್ಟಗಿರ್ಲಿ."

ಕಾಫಿ ಕುಡಿಯುತ್ತಿದ್ದವರೆಲ್ಲ ಸಾಕ್ಷಿ ನಿಂತರು. ಒರೆಸ್ತೆಸ್ ಬ್ರೆಡ್ಡಿನ ಚೀಲದ ಮೇಲೆ ಸಹಿ ಹಾಕಿ, ಸ್ಪ್ರಿಂಗನ್ನು ಕಂಕುಳಲ್ಲಿ ಇರುಕಿಕೊಂಡು ಏರು ಹತ್ತಿದ.

ಸೋಮವಾರ ಬೆಳಿಗ್ಗೆ ಎಳೆಯುವ ಲಾರಿಯ ಮೇಲೆ ಕಾರು ದೋನಾ ಇರಾಸಿಯ ಶೆಡ್ಡಿಗೆ ಬಂತು. ಆಕೆ ಕನ್ನಡಕ ಏರಿಸಿ ಸ್ಪ್ರಿಂಗಿನ ಸುಟ್ಟ ತುದಿಯನ್ನು ಉಗುರಿಂದ ಕೆರೆದು ನೋಡಿದಳು.

"ಯಾರು ಕತ್ತರಿಸಿದ್ದು?"

"ನಾನೇ," ಎಂದ ಒರೆಸ್ತೆಸ್. ವಾಂಡರ್ಲಿಯ ಹೆಸರು ಏಕೆ ಹೇಳಲಿಲ್ಲವೋ ಅವನಿಗೂ ತಿಳಿಯಲಿಲ್ಲ.

ಆಕೆ ಒಂದು ಚೀಟಿಯ ಮೇಲೆ 'ಕಿಂತಾವ್' ಎಂದು ಬರೆದು, ಸ್ಪ್ರಿಂಗಿಗೆ ಕಟ್ಟಿ ಗೋಡೆಗೆ ನೇತುಹಾಕಿದಳು. "ಇನ್ನೊಂದ್ಸಲ ಕೇಳ್ತೀನಿ. ಹಿಂದೆ ಯಾರು ಕೂರ್ತಾರೆ?"

"ನೆಂಟರು. ಮುಂದೆ ನಮ್ಮತ್ತೆ."

"ತೂಕ?"

"ತೊಂಬತ್ತಾರು ಕಿಲೋ."

"ಅಷ್ಟೇ ತಾನೇ? ಇದನ್ನ ಮೊದ್ಲೇ ಹೇಳಿದ್ರೆ ನಿಮ್ಮ ಮಾನ ಹೋಗ್ತಿತ್ತಾ? ಈಗ ಉಳಿದಿದೆಯಾ?"

ಹಿಂದಿನ ಎರಡೂ ಶಾಕ್‌ಗಳಿಂದ ಎಣ್ಣೆ ಸೋರಿತ್ತು. ಟೈರಿನ ಒಳಬದಿ ತಗಡಿಗೆ ಉಜ್ಜಿ ನೂಲು ಕಾಣುತ್ತಿತ್ತು. ಆಕೆ ಅವನ ಕೈಗೆ ದೀಪ ಕೊಟ್ಟು ಹಿಡಿದುಕೊಳ್ಳಲು ಹೇಳಿದಳು. ಮೂವತ್ತು ಮಿಲಿಮೀಟರ್ ಇಳಿಸುವ ಹೊಸ ಸ್ಪ್ರಿಂಗನ್ನು ಎರಡು ಕೊಕ್ಕೆಗಳ ನಡುವೆ ಸಿಕ್ಕಿಸಿ, ತಿರುಪು ಬಿಗಿದು ಬಿಗಿದು ಕುಗ್ಗಿಸುವಾಗ, "ದೂರ ನಿಲ್ಲಿ. ಇದು ತಪ್ಪಿಸ್ಕೊಂಡ್ರೆ ನಿಮ್ಮ ಹಲ್ಲು ಜೋಡಿಸೋಕೆ ನಿಮ್ಮ ಹೆಂಡ್ತಿ ಕೆಲ್ಸ ಮಾಡೋ ಡಾಕ್ಟರಿಗೂ ಆಗಲ್ಲ," ಎಂದಳು. ಸ್ಪ್ರಿಂಗನ್ನು ಅದರ ಬಟ್ಟಲಿನಲ್ಲಿ ಕೂರಿಸಿ, ತುದಿ ಗುರುತಿಗೆ ಸರಿಯಾಗಿ ತಾಗಿದೆಯೇ ಎಂದು ಬೆರಳಾಡಿಸಿ ನೋಡಿದಳು. ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಕಾರು ತನ್ನ ಭಾರದ ಮೇಲೆ ನಿಂತ ನಂತರ ಕೊನೆಯ ಬಿಗಿ ಕೊಟ್ಟಳು. ಎಲ್ಲಿಯೂ ಅವಸರವಿಲ್ಲ. ತಮ್ಮ ಕೆಲಸವನ್ನು ಹೀಗೆ ಮಾಡುವವರನ್ನು ಒರೆಸ್ತೆಸ್ ಹತ್ತಿರದಿಂದ ನೋಡಿದ್ದು ಅದೇ ಮೊದಲು. ನಾಚಿಕೆಯಾಗಿ ದೀಪವನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

ಆಮೇಲೆ ತಪಾಸಣೆ, ದಾಖಲೆ. ಗಾಡಿ ದಾಖಲೆಯ ಕಚೇರಿಯಲ್ಲಿ ಅವನು ಕಿಟಕಿಯ ಆಚೆ ಬದಿಗೆ ನಿಂತ. ಒಳಗಿದ್ದ ಹೆಣ್ಣುಮಗಳು ಅರ್ಜಿಯ ಒಂದು ಅಂಕಿ ಏಳೋ ಒಂದೋ ಸ್ಪಷ್ಟವಿಲ್ಲ ಎಂದು ಎರಡು ಸಲ ವಾಪಸು ಕಳಿಸಿದಳು. ಒರೆಸ್ತೆಸ್ ಹೊರಗೆ ಬಂದು, ಈ ಕಚೇರಿಗಳಲ್ಲಿ ಎಂಥೆಂಥ ಕಲ್ಲೆದೆಯವರನ್ನು ಕೂರಿಸುತ್ತಾರೆ ಎಂದು ಸಾಲಿನಲ್ಲಿ ನಿಂತವರ ಹತ್ತಿರ ಬೇಸರ ತೋಡಿಕೊಂಡ. ಹಾಗೆಂದು ಮೂರನೆಯ ಕಿಟಕಿಯಲ್ಲಿ ಅವನು ಬದಲಾದ ಎಂದುಕೊಳ್ಳಬೇಡಿ. ಬುಧವಾರ ಬೆಳಿಗ್ಗೆ ಮೊದಲು ಬಂದವರನ್ನೇ ತಿರುಗಿಸಿ ಕಳಿಸಿದ.

ಮೂವತ್ತು ಮಿಲಿಮೀಟರ್ ತಗ್ಗಿದ ಕಾರು ಯಾರ ಕಣ್ಣಿಗೂ ಬೀಳಲಿಲ್ಲ. ಈಗ ಕಚೇರಿಯ ಇಳಿಜಾರು ಇಳಿಯುತ್ತಿತ್ತಾದ್ದರಿಂದ ಬಾಗಿಲಲ್ಲೇ ನಿಲ್ಲಿಸಿ, ಸಹೋದ್ಯೋಗಿಯೊಬ್ಬನನ್ನು ಕರೆದು, "ಏನಾದ್ರೂ ಬದಲಾವಣೆ ಕಾಣುತ್ತಾ?" ಎಂದು ಕೇಳಿದ. ಅವನು ಎರಡು ಸುತ್ತು ಹಾಕಿ, "ತೊಳೆಸಿದ್ರಾ?" ಎಂದ. ನೆಲನೆಕ್ಕಿಗಳು ಸ್ಟಿಕರನ್ನು ಗಾಜಿನಿಂದ ತಾವೇ ಕೆರೆದು ತೆಗೆದರು. ಸಂಘಕ್ಕೂ ಒಂದು ನಿಯಮ ಅಂತ ಇರುತ್ತದಲ್ಲ. ವಾಂಡರ್ಲಿ ಮಾತ್ರ ಕಾರನ್ನು ನೋಡಿ, ತಾನು ಕತ್ತರಿಸಿದ್ದೇ ಚೆನ್ನಾಗಿತ್ತು, ಮುದುಕಿ ಕೆಡಿಸಿಬಿಟ್ಟಳು ಎಂದ.

ಆ ತಿಂಗಳ ಕೊನೆಗೆ ಫೊರ್ಮಿಗಾ ಎಂಬ ಊರಲ್ಲಿ ಯಾರದೋ ಮನೆಗೆ ಊಟಕ್ಕೆ ಹೋಗುವುದಿತ್ತು. ಒರೆಸ್ತೆಸನಿಗೆ ತಲೆನೋವು, ಕ್ಲೆಯೊನಿಸಿ ಕಾರು ಓಡಿಸಿದಳು. ಊರು ದಾಟಿ ಬೆಟ್ಟದ ತಿರುವುಗಳು ಶುರುವಾದವು. ಮೊದಲ ತಿರುವಿನಲ್ಲಿ ಆಕೆ ಅಭ್ಯಾಸದಂತೆ ಬ್ರೇಕ್ ಒತ್ತಿದಳು. ಎರಡನೆಯದರಲ್ಲಿ ಕಡಿಮೆ ಒತ್ತಿದಳು. ಮೂರನೆಯದರಲ್ಲಿ ಒತ್ತಲೇ ಇಲ್ಲ. ಕಾರು ವಾಲಲಿಲ್ಲ, ಕುಣಿಯಲಿಲ್ಲ, ರಸ್ತೆಗೆ ಅಂಟಿಕೊಂಡಂತೆ ತಿರುಗಿತು. ಒರೆಸ್ತೆಸ್ ತಲೆನೋವು ಮರೆತು ಹಿಡಿಕೆಯನ್ನು ಹಿಡಿದುಕೊಂಡ. ಪಕ್ಕಕ್ಕೆ ತಿರುಗಿ ನೋಡಿದರೆ ಹೆಂಡತಿಯ ಮುಖದಲ್ಲಿ ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅವನು ಕಂಡಿರದ ಒಂದು ನಗು ಇತ್ತು.

"ಈಗ ಗೊತ್ತಾಯ್ತು," ಎಂದಳು.

"ಏನು ಗೊತ್ತಾಯ್ತು?"

"ಇದು ನೋಡೋಕಲ್ಲ ಇರೋದು."

ಮುಂದಿನ ಭಾನುವಾರ ಕೀಲಿಕೈ ಗೂಟದ ಮೇಲಿರಲಿಲ್ಲ. ಅದರ ಮುಂದಿನ ಭಾನುವಾರವೂ ಇರಲಿಲ್ಲ. ಈಗ ಕೆಲಸಕ್ಕೆ ಕ್ಲೆಯೊನಿಸಿ ಕಾರಿನಲ್ಲಿ ಹೋಗುತ್ತಾಳೆ, ಒರೆಸ್ತೆಸ್ ಬಸ್ಸಿನಲ್ಲಿ. ವರ್ಷಕ್ಕೊಮ್ಮೆ ದೋನಾ ಇರಾಸಿಯ ಶೆಡ್ಡಿಗೂ ಆಕೆಯೇ ಹೋಗುತ್ತಾಳೆ. ಇಬ್ಬರು ಹೆಂಗಸರೂ ಕಾರಿನಡಿ ತಲೆ ಹಾಕಿ ಗಂಟೆಗಟ್ಟಲೆ ಮಾತಾಡುತ್ತಾರಂತೆ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಗಂಡ, ಹೆಂಡತಿ, ಅತ್ತೆ ಮೂವರೂ ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದು ರೂಢಿಯಾಗಿದೆ. ಜುಲ್ಮಿರಾ ಮುಂದೆ ಕೂತು, "ಆ ಲಾರೀನ ಹಿಂದೆ ಹಾಕು ಮಗಳೇ, ಏನು ನೋಡ್ತಿದೀಯ?" ಎನ್ನುತ್ತಾರೆ. ಒರೆಸ್ತೆಸ್ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಎದೆಗೆ ಒತ್ತಿಕೊಂಡು, ಎರಡು ಸೀಟುಗಳ ನಡುವೆ ತಲೆ ತೂರಿಸಿ, ತಿರುವಿನಲ್ಲಿ ಹೊರಗಿನ ಸ್ಪ್ರಿಂಗಿನ ಮೇಲೆ ಭಾರ ಹೇಗೆ ಬೀಳುತ್ತದೆಂದು ವಿವರಿಸಲು ಶುರುಮಾಡುತ್ತಾನೆ.

"ಸ್ವಲ್ಪ ಸುಮ್ನಿರಪ್ಪ," ಎನ್ನುತ್ತಾರೆ ಅತ್ತೆ, ರೇಡಿಯೊ ಜೋರು ಮಾಡುತ್ತಾ. "ಅವ್ಳು ಗಾಡಿ ಓಡಿಸ್ತಿದಾಳೆ."